ಮಸಿ ಬಳಿದ ಕಲ್ಲಿನ ಸೀನೀರು

ಮೊನ್ನೆ ಸೇಡಂನಲ್ಲಿ ನಮ್ಮ ಮನೆಯ ಮುಂದಿನ ಓಣಿಗೆ ಡಾಂಬರು ಹಾಕಲು ಬಂದಿದ್ದರು. ಬೆಳಿಗ್ಗೆಯೇ ಡ್ರಮ್ಮಿನ ಕೆಳಗೆ ಬೆಂಕಿ ಹಚ್ಚಿ ಕಾಯಿಸತೊಡಗಿದ್ದರು. ಸೊಸೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಕಿಟಕಿ ಹಾಕಿದಳು. ನಾನು ಎದ್ದು ಮತ್ತೆ ತೆರೆದೆ. "ಅತ್ತಿ, ಈ ವಾಸನಿಗಿ ತಲಿ ನೋಯ್ತದರಿ," ಅಂದಳು. "ನಿನಗ ತಲಿ ನೋಯ್ತದ, ನನಗ ನೀರಡಿಕಿ ಆಗ್ತದ," ಅಂದೆ. ಅವಳು ನನ್ನ ಮುಖವನ್ನೇ ನೋಡಿ ಒಳಗೆ ಹೋದಳು. ಡಾಂಬರಿನ ವಾಸನೆಗೆ ಕುಡಿಯುವ ನೀರು ನೆನಪಾಗುವ ಹೆಂಗಸು ಈ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು. ಅದಕ್ಕೆ ಒಂದು ಊರು ಕಾರಣ, ಆ ಊರಿನಲ್ಲಿ ನಾನು ಕಳೆದ ಮೊದಲ ವರ್ಷ ಕಾರಣ.

ಊರಿನ ಹೆಸರು ಹೇಳುವುದಿಲ್ಲ. "ಸವುಳು ನೀರಿನ ಊರು" ಎಂದು ಸುತ್ತಲಿನವರು ಆ ಊರಿಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಿದ್ದರು. ಈಗ ನಾನು ಹೆಸರು ಬರೆದು ಮತ್ತೆ ಆ ಮಾತು ಎಬ್ಬಿಸಿದರೆ ಅಲ್ಲಿಯವರು ಮನೆ ಬಾಗಿಲಿಗೆ ಬಂದು ಜಗಳ ತೆಗೆಯುತ್ತಾರೆ, ಅವರ ಬಾಯಿ ನನಗೆ ಗೊತ್ತು. ಚಿತ್ತಾಪುರದಿಂದ ಕಾಳಗಿಗೆ ಹೋಗುವ ದಾರಿಯಲ್ಲಿ ಬಸ್ಸಿಳಿದು ಮೂರು ಮೈಲು ಒಳಗೆ ನಡೆಯಬೇಕು ಎಂದರೆ ಸಾಕು. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಗಿ ನಾಲ್ಕೈದು ವರ್ಷವಾಗಿತ್ತು. ನನಗೆ ಇಪ್ಪತ್ತೆರಡು. ನರ್ಸ್ ತರಬೇತಿ ಮುಗಿಸಿ, ದೀಪಾವಳಿ ಮುಗಿದ ವಾರ, ಒಂದು ಟ್ರಂಕು ಮತ್ತು ಒಂದು ಹಾಸಿಗೆ ಸುರುಳಿಯೊಂದಿಗೆ ಅಲ್ಲಿಯ ಹೆರಿಗೆ ಕೇಂದ್ರಕ್ಕೆ ಹೋಗಿ ಇಳಿದೆ.

ಕೇಂದ್ರವೆಂದರೆ ಎರಡು ಕೋಣೆ, ಒಂದು ಅಂಗಳ. ಮುಂದಿನ ಕೋಣೆಯಲ್ಲಿ ಔಷಧಿ ಮತ್ತು ಹೆರಿಗೆ ಮಂಚ, ಹಿಂದಿನ ಕೋಣೆಯಲ್ಲಿ ನಾನು. ಕಾಗಿಣಾ ಹೊಳೆಯ ದಂಡೆಯಲ್ಲಿ ಬೆಳೆದವಳು ನಾನು. ನೀರೆಂದರೆ ಇಷ್ಟೆಲ್ಲ ಯೋಚನೆ ಮಾಡಬೇಕಾದ ವಸ್ತು ಎಂದು ಗೊತ್ತೇ ಇರಲಿಲ್ಲ. ಮೊದಲ ದಿನ ಚಹಾ ಮಾಡಿದೆ, ಹಾಲು ಒಡೆಯಿತು. ಎರಡನೆಯ ದಿನ ತೊಗರಿ ಬೇಳೆ ಇಟ್ಟೆ. ಬೆಳಿಗ್ಗೆ ಇಟ್ಟಿದ್ದು ಮಧ್ಯಾಹ್ನವಾದರೂ ಕಾಳು ಕಾಳಾಗಿಯೇ ಕುಳಿತಿತ್ತು. ತೊಗರಿ ಬೆಳೆಯುವ ನಾಡಿನಲ್ಲಿ ತೊಗರಿ ಬೇಯುವುದಿಲ್ಲ! ಸೀನೀರು ಬೇಕೆಂದರೆ ಎರಡು ಮೈಲು ದೂರದ ಹಳೆಯ ಕಲ್ಲುಗಣಿಯ ಹೊಂಡಕ್ಕೆ ಹೋಗಬೇಕು, ಅದೂ ಮಳೆ ನೀರು ಇರುವತನಕ ಮಾತ್ರ. ಆಮೇಲೆ ಎಲ್ಲರಿಗೂ ಊರಿನ ಸವುಳು ಬಾವಿಯೇ ಗತಿ.

ನನ್ನ ಹೊಟ್ಟೆಪಾಡು ಹೇಗೋ ಆಗುತ್ತಿತ್ತು. ಸೂಜಿಗಳ ಪಾಡು ಆಗುತ್ತಿರಲಿಲ್ಲ. ಆಗೆಲ್ಲ ಗಾಜಿನ ಸಿರಿಂಜು, ಉಕ್ಕಿನ ಸೂಜಿ. ಪ್ರತಿ ಸಲ ಕುದಿಸಿಯೇ ಬಳಸಬೇಕು. ಆ ನೀರಿನಲ್ಲಿ ನಾಲ್ಕು ಸಲ ಕುದಿಸಿದರೆ ಪಾತ್ರೆಯ ತುಂಬ ಬಿಳಿ ಹಕ್ಕಳೆ, ಸೂಜಿಯ ಕಣ್ಣು ಕಟ್ಟಿ ಕೂರುತ್ತಿತ್ತು. ಒಳಗೆ ತಂತಿ ತೂರಿಸಿ ಉಜ್ಜಿ ಉಜ್ಜಿ ನನ್ನ ಬೆರಳಿಗೆಲ್ಲ ಗಾಯವಾಗಿತ್ತು. ಎರಡನೆಯ ವಾರ ಒಂದು ಹೆಂಗಸಿಗೆ ಚುಚ್ಚುವಾಗ ಸೂಜಿ ಕಟ್ಟಿತು, ಮತ್ತೊಂದು ತೆಗೆದೆ, ಅದೂ ಕಟ್ಟಿತು. ಅವಳು ಮೂರನೆಯ ಸಲವೂ ತೋಳು ಚಾಚಿದಳು. ಅವತ್ತು ಸಂಜೆ ಅಳುತ್ತ ಕುಳಿತು ತಾಲ್ಲೂಕಿನ ಡಾಕ್ಟರಿಗೆ ಅರ್ಜಿ ಬರೆದೆ: ಇಲ್ಲಿಯ ನೀರು ಯಾವುದಕ್ಕೂ ಯೋಗ್ಯವಲ್ಲ, ಹೆರಿಗೆ ಕೇಂದ್ರವನ್ನು ರಸ್ತೆ ಪಕ್ಕದ ಬೇರೆ ಊರಿಗೆ ಒಯ್ಯಬೇಕು. ಮಡಚಿ, ಪಾಕೀಟಿನ ಮೇಲೆ ಕೇಂದ್ರದ ಮೊಹರಿನ ಶಿಕ್ಕಾ ಒತ್ತಿ, ಟಪಾಲು ಡಬ್ಬಿಗೆ ಹಾಕಿ ಬಾ ಎಂದು ಕಾಶಮ್ಮನ ಕೈಗೆ ಕೊಟ್ಟೆ.

ಕಾಶಮ್ಮ ಕೇಂದ್ರದ ಆಯಾ. ಅದಕ್ಕೂ ಮೊದಲು, ಮೂವತ್ತು ವರ್ಷ, ಆ ಊರಿನ ಸೂಲಗಿತ್ತಿ. ಓದು ಬರಹ ಬಾರದು. ಮಾತು ಕಡಿಮೆ, ಕೆಲಸ ಜಾಸ್ತಿ. ನಾನು ಪುಸ್ತಕ ಓದಿ ಕಲಿತದ್ದನ್ನು ಅವಳು ಕೈಯಿಂದ ಮುಟ್ಟಿ ಹೇಳುತ್ತಿದ್ದಳು, ಅದೇ ನನಗೆ ಸಿಟ್ಟು. ಅವಳು ಪತ್ರ ತಗೊಂಡು ಹೋದಳು, ಹಾಕಿ ಬಂದಳು, "ಹಾಕೇನಿ," ಅಂದಳು, ಅಷ್ಟೇ.

ಚಳಿ ಬಿದ್ದ ಮೇಲೆ ಡಾಕ್ಟರು ಜೀಪಿನಲ್ಲಿ ಬಂದರು. ಒಳ್ಳೆಯ ಮನುಷ್ಯರು, ಆದರೆ ಕಡ್ಡಿ ಮುರಿದಂತೆ ಮಾತು. ಸೂಜಿ ನೋಡಿದರು, ಕುದಿಸುವ ಪಾತ್ರೆ ನೋಡಿದರು, ಒಂದು ಗುಟುಕು ನೀರು ಬಾಯಿಗೆ ಹಾಕಿ ಉಗುಳಿದರು. ಅಂಗಳದಲ್ಲಿ ಸೇರಿದ್ದ ಜನರಿಗೆ ಹೇಳಿದರು: "ನೋಡ್ರಿ, ನೀರಿಲ್ಲದ ಕಡೆ ಹೆರಿಗಿ ಕೇಂದ್ರ ನಡಸೂದು ತಪ್ಪು. ಯುಗಾದಿ ಆದ ನಾಲ್ಕನೇ ದಿವಸ ಮತ್ತ ಬರ್ತೀನಿ. ಅಷ್ಟರಾಗ ನೀರಿನ ವ್ಯವಸ್ಥಾ ಆದರ ಸರಿ, ಇಲ್ಲಂದರ ಇದು ರಸ್ತಿ ಮ್ಯಾಲಿನ ಊರಿಗಿ ಹೋಗ್ತದ." ನನ್ನ ಅರ್ಜಿಯ ವಿಷಯ ಎತ್ತಲಿಲ್ಲ, ಪುಣ್ಯ. ನಾನು ತಲೆ ಬಗ್ಗಿಸಿ ನಿಂತಿದ್ದೆ. ಜೀಪು ಹೋದ ಮೇಲೆ ಜಗದೇವಿ ಎಂಬ ಹುಡುಗಿ ನನ್ನ ಹತ್ತಿರ ಬಂದಳು. ನನ್ನದೇ ವಯಸ್ಸು, ನಾಲ್ಕು ತಿಂಗಳ ಬಸುರಿ. ಮೊದಲನೆಯ ಹೆರಿಗೆಗೆ ಚಿತ್ತಾಪುರಕ್ಕೆ ಬಂಡಿಯಲ್ಲಿ ಹೊರಟಿದ್ದಳಂತೆ, ದಾರಿಯಲ್ಲೇ ಎಲ್ಲ ಮುಗಿದುಹೋಗಿತ್ತಂತೆ. ಅದಕ್ಕೇ ಈ ಕೇಂದ್ರ ಬಂದಾಗ ಊರಿಗೆಲ್ಲ ಸಕ್ಕರೆ ಹಂಚಿದವಳು ಅವಳು. "ಸಿಸ್ಟರಬಾಯಿ, ನನ್ನ ದಿನ ತುಂಬೂತನಕ ನೀವು ಇಲ್ಲೇ ಇರ್ತೀರಿ ಅಲ್ಲ?" ಅಂದಳು. "ಇರ್ತೀನಿ," ಅಂದೆ. ಅಂದ ಮೇಲೆ ನಾಚಿಕೆಯಾಯಿತು. ನಾನೇ ಕೊಡಲಿ ಹಾಕಿದ ಗಿಡಕ್ಕೆ ನಾನೇ ನೀರು ಹುಡುಕಬೇಕಾಯಿತು.

ದಾರಿ ತೋರಿಸಿದವರು ಮಸ್ತಾನ ಚಾಚಾ. ಅವರು ನೆಲಕ್ಕೆ ಫರಸಿ ಕಲ್ಲು ಹಾಸುವ ಮಿಸ್ತ್ರಿ. ನಮ್ಮ ಕಡೆಯ ಶಹಾಬಾದ್ ಕಲ್ಲು ಎಲ್ಲಿಗೆ ಹೋಗುತ್ತದೋ ಅದರ ಹಿಂದೆ ಅವರೂ ಹೋಗುತ್ತಿದ್ದರು. ಅರ್ಧ ದೇಶದ ನೆಲ ಅವರ ಕೈಯಲ್ಲಿ ಹಾಸಿದ್ದು. ಉಳಿ ಜಾರಿ ಹೆಬ್ಬೆರಳು ಕೊಯ್ದುಕೊಂಡು ಪಟ್ಟಿ ಕಟ್ಟಿಸಲು ಬಂದವರು ನಾನು ಸೂಜಿಗೆ ತಂತಿ ತೂರಿಸುವುದನ್ನು ನೋಡುತ್ತ ಕುಳಿತರು.

"ಅರೆ ಬಾಯಿ, ಗುಜರಾತದಾಗ ಸಮುದ್ರದ ದಂಡಿಗಿ ಒಂದು ಕಡಿ ಫರಸಿ ಹಾಕಲಿಕ್ಕಿ ಹೋಗಿದ್ದೆ. ಅಲ್ಲಿ ಸಮುದ್ರದ ನೀರು ತಂದು ಕರೀ ಹೌದಿನಾಗ, ತೊಟ್ಟಿನಾಗ, ಹಾಕ್ತಾರ್ರಿ. ಮ್ಯಾಲ ಕಾಚು, ಗಾಜಿನ ಹಲಗಿ, ಮುಚ್ಚತಾರ. ಬಿಸಿಲಿಗಿ ಇಡ್ತಾರ. ಸಂಜಿಗಿ ಮೀಠಾ ಪಾನಿ! ನಾನೇ ಕುಡದೀನಿ."

"ಏನು ಹೇಳ್ತಿ ಚಾಚಾ! ಬಿಸಿಲು ನೀರು ಬತ್ತಸ್ತದ. ಬಿಸಿಲು ಎಂದಾರ ನೀರು ಕೊಟ್ಟದೇನು?" ಎಂದು ಕಾಶಮ್ಮ ನಕ್ಕಳು.

ಚಾಚಾ ಎದ್ದು ಒಲೆಯ ಮೇಲಿನ ಗಡಿಗೆಯ ಮುಚ್ಚಳ ತೆಗೆದು ಅವಳ ಮುಂದೆ ಹಿಡಿದರು. ಒಳಮೈ ತುಂಬ ಹನಿ ಕಟ್ಟಿತ್ತು. "ಗಡಗಿ ಒಳಗಿಂದು ಸವುಳು ನೀರು ಹೌದಲ್ಲ? ಈಗ ಈ ಹನಿ ನಾಲಿಗಿಗಿ ಹಚ್ಚಿ ನೋಡು." ಕಾಶಮ್ಮ ಬೆರಳಿನಿಂದ ತೆಗೆದು ಹಚ್ಚಿದಳು. ಮತ್ತೊಮ್ಮೆ ಹಚ್ಚಿದಳು. "ಸವುಳು ಇಲ್ಲ," ಅಂದಳು. "ಉಪ್ಪು ತಳದಾಗ ಕುಂದರ್ತದ. ಮ್ಯಾಲ ಏರೂದು ಬರೇ ನೀರು," ಅಂದರು ಚಾಚಾ. ನಾನು ವಿಜ್ಞಾನ ಓದಿ ಪಾಸಾದವಳು. ಅದು ನನ್ನ ತಲೆಗೆ ಯಾಕೆ ಹೊಳೆಯಲಿಲ್ಲ? ಇವತ್ತಿಗೂ ಅದಕ್ಕೆ ನನ್ನ ಮೇಲೆ ನನಗೆ ಸಿಟ್ಟಿದೆ.

ನಮ್ಮ ಊರುಗಳಲ್ಲಿ ಬಿಸಿಲಿಗೆ ಬರವೇ? ಕಲ್ಲಿಗೂ ಬರವಿಲ್ಲ. ಗಣಿಯಲ್ಲಿ ಮೂಲೆ ಮುರಿದ ಫರಸಿ ರಾಶಿ ಬಿದ್ದಿರುತ್ತಿತ್ತು, ಯಾರೂ ಕೇಳುವವರಿಲ್ಲ. ಊರಿನವರು ಬಂಡಿ ಕಟ್ಟಿ ತಂದರು. ಚಾಚಾ ಅಂಗಳದಲ್ಲಿ ಮಂಚದಷ್ಟು ಅಗಲದ, ಗೇಣು ಆಳದ ಕಲ್ಲಿನ ತೊಟ್ಟಿ ಕಟ್ಟಿದರು. ಮೇಲಿನ ಗಾಜು ಒಂದು ಕಡೆಗೆ ಇಳಿಜಾರು. ಇಳಿಜಾರಿನ ಕೊನೆಯಲ್ಲಿ ಕಲ್ಲಿನಲ್ಲೇ ಕೊರೆದ ಸಣ್ಣ ಕಾಲುವೆ. ಗಾಜಿನ ಒಳಮೈಗೆ ಕಟ್ಟಿದ ಹನಿ ಜಾರಿ ಕಾಲುವೆಗೆ ಬಿದ್ದು, ನಳಿಕೆಯಿಂದ ಹೊರಗಿನ ಕೊಡಕ್ಕೆ ಬರಬೇಕು. ಗಾಜನ್ನೂ ಸಿಮೆಂಟನ್ನೂ ವಾಡಿಯಿಂದ ತಂದೆವು, ಖರ್ಚಾಗಿದ್ದು ಅವೆರಡಕ್ಕೇ. ನಳಿಕೆ ಸಿಗಲಿಲ್ಲ. ಕಡೆಗೆ ನಮ್ಮ ಕೇಂದ್ರದ ಎನಿಮಾ ಡಬ್ಬಿಯ ರಬ್ಬರ್ ನಳಿಕೆಯನ್ನೇ ಕೊಟ್ಟೆ. ಹೊಸದು ಮತ್ತೆ, ಒಮ್ಮೆಯೂ ಬಳಸಿರಲಿಲ್ಲ!

ಒಳಗೆ ಕಪ್ಪಾಗಿರಬೇಕು, ಕಪ್ಪು ಬಿಸಿಲನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂದು ಚಾಚಾ ಡಾಂಬರು ಬಳಿದರು. ಮೊದಲ ದಿನ ಸಂಜೆ ಒಂದು ತಂಬಿಗೆ ನೀರು ಬಂತು. ಅಂಗಳ ತುಂಬ ಜನ. ಊರಿನ ಹಿರಿಯರೊಬ್ಬರು ಬಾಯಿಗೆ ಹಾಕಿಕೊಂಡು ಮುಖ ಕಿವುಚಿದರು. "ಏ ಮಸ್ತಾನಾ, ರಸ್ತಾ ಕುಡದಂಗ ಆಗ್ತದಲ್ಲೋ!" ಊರು ಒಂದು ವಾರ ನಕ್ಕಿತು. ನಾನೂ ಕುಡಿದೆ. ಡಾಂಬರಿನ ನಾತ, ಆದರೆ ಅದರ ಹಿಂದೆ ಉಪ್ಪಿರಲಿಲ್ಲ. ಆ ರುಚಿ ನನ್ನ ನಾಲಿಗೆಯಲ್ಲಿ ಇನ್ನೂ ಇದೆ.

ಚಾಚಾ ಸೋಲುವ ಕುಳವಲ್ಲ. ಡಾಂಬರು ಕೆತ್ತಿ ತೆಗೆದು, ಒಲೆಯ ಮಸಿಯನ್ನು ಸಿಮೆಂಟಿಗೆ ಕಲಸಿ ಬಳಿದರು. ಅದು ನಿಂತಿತು. ಶಿವರಾತ್ರಿಗೆ ಒಂದರ ಪಕ್ಕ ಒಂದು ನಾಲ್ಕು ತೊಟ್ಟಿಯಾದವು, ಬಿಸಿಲು ಏರಿದಂತೆ ದಿನಕ್ಕೊಂದು ಕೊಡ ಸೀನೀರು ಬರತೊಡಗಿತು. ಕಾಶಮ್ಮ ಬೆಳಗಾಗುವುದರೊಳಗೆ ಹಳೆಯ ನೀರು ಬಸಿದು, ತಳದ ಉಪ್ಪು ತೊಳೆದು, ಎರಡು ಬೆರಳು ಆಳ ಹೊಸ ನೀರು ತುಂಬುತ್ತಿದ್ದಳು. ಆಮೇಲೆ ಗಾಜನ್ನು ತನ್ನ ಸೆರಗಿನಿಂದಲೇ ಒರೆಸುತ್ತಿದ್ದಳು. ಸೂಜಿ ಕಟ್ಟುವುದು ನಿಂತಿತು. ಬಸುರಿಯರಿಗೆ, ಬಾಣಂತಿಯರಿಗೆ ಕುಡಿಯಲು ಒಂದೊಂದು ಚರಿಗೆ. ಮೊದಮೊದಲು ಅವರು "ಭಾಳ ಸಪ್ಪಗ ಅದರಿ" ಎಂದು ಗೊಣಗಿದರು. ಕಾಶಮ್ಮ ಚರಿಗೆಗೆ ಒಂದು ಚಮಚ ಬಾವಿ ನೀರು ಬೆರೆಸಿದಳು, ರುಚಿ ಬಂತು. ಅಷ್ಟು ಕಷ್ಟಪಟ್ಟು ಉಪ್ಪು ತೆಗೆದು ಮತ್ತೆ ಉಪ್ಪು ಹಾಕುವುದೇ ಎಂದು ನನಗೆ ನಗು. ಅವಳಿಗೆ ನಗುವಿಲ್ಲ, "ಊರಿನ ರುಚಿ ಚೂರು ಇರಬೇಕು," ಅಂದಳು.

ಯುಗಾದಿ ಹತ್ತಿರ ಬಂತು. ತಿಂಗಳ ಮೀಟಿಂಗಿಗೆ ಚಿತ್ತಾಪುರಕ್ಕೆ ಹೋಗಿ, ಅಲ್ಲಿಂದ ಸೇಡಂಗೆ ಹೋಗಿ ಎರಡು ದಿನ ಅವ್ವನ ಕೈಯಡುಗೆ ಉಂಡು, ಹಬ್ಬದ ಹಿಂದಿನ ದಿನ ಮಧ್ಯಾಹ್ನ ಊರಿಗೆ ಮರಳಿದೆ. ಹಬ್ಬಕ್ಕೆ ಮನೆಮನೆಗೂ ಸುಣ್ಣ ಹೊಡೆದು ಓಣಿಯೆಲ್ಲ ಬೆಳ್ಳಗಿತ್ತು. ಕೇಂದ್ರದ ಗೋಡೆಯೂ ಬೆಳ್ಳಗಿತ್ತು. ಅಂಗಳಕ್ಕೆ ಕಾಲಿಟ್ಟವಳು ಅಲ್ಲೇ ನಿಂತೆ. ನಾಲ್ಕೂ ತೊಟ್ಟಿಗಳು ಬೆಳ್ಳಗಿದ್ದವು. ಹೊರಗಷ್ಟೇ ಅಲ್ಲ, ಗಾಜು ಎತ್ತಿ ಒಳಗೂ, ತಳಕ್ಕೂ, ಎರಡೆರಡು ಕೈ ಸುಣ್ಣ! ಕೊಡದ ತಳದಲ್ಲಿ ಒಂದು ಲೋಟ ನೀರೂ ಇರಲಿಲ್ಲ. ಬಂದ ಬಿಸಿಲನ್ನೆಲ್ಲ ಆ ಬಿಳುಪು ಹಾಗೇ ತಿರುಗಿಸಿ ಕಳಿಸುತ್ತಿತ್ತು. ನನ್ನ ಕಣ್ಣಿಗೇ ಕುಕ್ಕುತ್ತಿತ್ತು.

ಕಾಶಮ್ಮ ಸುಣ್ಣದ ಕೈ ಸೆರಗಿಗೆ ಒರೆಸುತ್ತ ಬಂದಳು. ಮುಖದ ತುಂಬ ನಗು. "ನೋಡು ಯವ್ವ, ಹ್ಯಾಂಗ ಕಾಣ್ತದ! ಕುಡಿಯೋ ನೀರಿನ ತೊಟ್ಟಿ, ಮಸಿ ಮಸಿ ಇತ್ತು. ಸಾಹೇಬರು ಬರ್ತಾರ ಅಂತ ನಾನೇ ಸುಣ್ಣ ಹಚ್ಚೀನಿ."

ನನಗೆ ತಡೆದುಕೊಳ್ಳಲಾಗಲಿಲ್ಲ. ಏನೇನು ಅಂದೆನೋ ಎಲ್ಲ ನೆನಪಿಲ್ಲ, ನೆನಪಿರುವುದು ಒಂದು: "ಬುದ್ಧಿ ಅದ ಏನು ನಿನಗ? ಈ ಕೇಂದ್ರ ಮುಚ್ಚತದಲ್ಲ, ಅದು ನಿನ್ನಿಂದನೇ ಮುಚ್ಚತದ!" ಅವಳ ನಗು ಅಲ್ಲೇ ನಿಂತುಹೋಯಿತು. ಕಪ್ಪು ಯಾಕೆ ಬೇಕು ಎಂದು ಅವಳಿಗೆ ನಾವು ಬಿಡಿಸಿ ಹೇಳಿಯೇ ಇರಲಿಲ್ಲ. ಬಾಗಿಲ ಪಕ್ಕದ ಕಸಬರಿಗೆ ತಗೊಂಡು ತೊಟ್ಟಿಯ ಹತ್ತಿರ ಕೂತು ಸುಣ್ಣ ಕೆರೆಯತೊಡಗಿದಳು. ಆ ಅರ್ಜಿ ಬರೆದವಳ ಬಾಯಿಂದ ಆ ಮಾತು ಹೇಗೆ ಬಂತೋ ನನಗೆ ಗೊತ್ತಿಲ್ಲ. ಸಿಟ್ಟು ಬಂದರೆ ನನ್ನ ನಾಲಿಗೆ ಯಾರ ಮಾತೂ ಕೇಳುವುದಿಲ್ಲ.

ಚಾಚಾ ಬಂದು ನೋಡಿ ತಲೆಗೆ ಕೈ ಹಚ್ಚಿದರು. ಸುಣ್ಣ ಕೆತ್ತಿದರೆ ಅದರ ಜತೆ ಮಸಿಯ ಪದರವೂ ಎದ್ದು ಬರುತ್ತಿತ್ತು. "ಹೊಸಾದಾಗಿ ಹಚ್ಚಬೇಕು ಬಾಯಿ. ಸಿಮೆಂಟ್ ಚೂರು ಉಳದದ. ಮಸಿ ಎಲ್ಲಿಂದ ತರೂದು? ಎಲ್ಲಾರು ಹಬ್ಬಕ್ಕ ಒಲಿ ಬಳದು, ಹಂಚು ತಿಕ್ಕಿ ಇಟ್ಟಾರ. ನಾಳಿ ಹಬ್ಬದ ದಿವಸ ಮಸಿ ಯಾರು ಕೊಡ್ತಾರ?" ಅದು ನನಗೂ ಗೊತ್ತಿತ್ತು. ವರ್ಷದ ಮೊದಲ ದಿನ ಮನೆಯಿಂದ ಒಂದು ಚಿಟಿಕೆ ಬೂದಿಯನ್ನೂ ಹೊರಗೆ ಕೊಡುವವರಲ್ಲ ನಮ್ಮವರು. ಅದರಲ್ಲೂ ಮಸಿ!

ಹಬ್ಬದ ಬೆಳಿಗ್ಗೆ ನಾನು ಒಳಗೆ ಟ್ರಂಕಿನ ಬಟ್ಟೆ ಮಡಚುತ್ತಿದ್ದೆ. ಹೋಗುವುದು ಖಾತ್ರಿ ಎನ್ನಿಸಿಬಿಟ್ಟಿತ್ತು. ಅಂಗಳದಲ್ಲಿ ಬಳೆ ಸದ್ದಾಯಿತು. ಬಂದು ನೋಡಿದರೆ ಜಗದೇವಿ. ಏಳು ತುಂಬಿ ಎಂಟರಲ್ಲಿದ್ದಳು. ಹೊಸ ಸೀರೆ, ತಲೆ ತುಂಬ ಹೂವು, ಕೈಯಲ್ಲಿ ಮೊರ. ಮೊರದಲ್ಲಿ, ಮೂಲೆಗೆ ಎತ್ತಿಟ್ಟ ಹಳೆಯ ರೊಟ್ಟಿ ಹಂಚಿನ ತಳದಿಂದ ಕೆರೆದ ಮಸಿ. ಅವಳ ಹಿಂದೆ ಮತ್ತೊಬ್ಬಳು, ಅವಳ ಹಿಂದೆ ಓಣಿಯ ಉದ್ದಕ್ಕೂ ಹೆಂಗಸರು. ಒಬ್ಬಳ ಕೈಯಲ್ಲಿ ಚರಿಗೆ, ಒಬ್ಬಳ ಕೈಯಲ್ಲಿ ಒಡೆದ ಗಡಿಗೆಯ ಚೂರು, ಎಲ್ಲದರಲ್ಲೂ ಮಸಿ. ಕಟ್ಟಕಡೆಗೆ ಕಾಶಮ್ಮ. ಬೆಳಗಿನಿಂದ ಮನೆಮನೆ ತಿರುಗಿ ಕೇಳಿ ಬಂದಿದ್ದಳು.

"ಅಲ್ಲ ಜಗದೇವಿ, ಹಬ್ಬದ ದಿವಸ, ಅದೂ ಬಸುರಿ..." ಎಂದೆ.

"ಮಸಿಗಿಂತ ಆ ಬಂಡಿ ದಾರಿ ಕರ್ರಗಿತ್ತರಿ, ಸಿಸ್ಟರಬಾಯಿ," ಅಂದಳು. ಮೊರ ಕೆಳಗಿಟ್ಟು ಬೆನ್ನು ನೀವಿಕೊಂಡಳು.

ನಾನು ಟ್ರಂಕು ಮುಚ್ಚಿ ಹೊರಗೆ ಬಂದು ಕೂತೆ. ಚಾಚಾ ಕಲಸಿದರು, ನಾವೆಲ್ಲ ಬಳಿದೆವು. ಹಬ್ಬದ ಹೊಸ ಸೀರೆಗಳಿಗೆಲ್ಲ ಮಸಿ. ಯಾರದೋ ಮೂಗಿಗೆ ಮಸಿ, ಯಾರದೋ ಗಲ್ಲಕ್ಕೆ. ಒಬ್ಬರನ್ನೊಬ್ಬರು ನೋಡಿ ನಕ್ಕು ನಕ್ಕು ಸಾಕಾಯಿತು. ಮಧ್ಯಾಹ್ನ ಅವರವರ ಮನೆಯಿಂದ ಹೋಳಿಗೆ ಬಂತು, ಹೊಸ ಗಡಿಗೆಯಲ್ಲಿ ಬೇವಿನ ಹೂ, ಬೆಲ್ಲ, ಹುಣಸೆ ಕಲಸಿದ ಹಬ್ಬದ ಬೇವು ಬಂತು. ಕಪ್ಪು ಕೈಯಲ್ಲೇ ಲೋಟ ಹಿಡಿದು ಕುಡಿದೆವು. ಸವುಳು ನೀರಿನ ಬೇವು, ಹುಳಿ, ಸಿಹಿ, ಕಹಿ ಎಲ್ಲದರ ಮೇಲೂ ಉಪ್ಪು. ಅಷ್ಟು ರುಚಿಯಾದ ಬೇವನ್ನು ನಾನು ಮತ್ತೆ ಕುಡಿದಿಲ್ಲ. ಕಾಶಮ್ಮ ಮಾತ್ರ ನನ್ನ ಕಡೆ ನೋಡದೆ ಬಳಿಯುತ್ತಲೇ ಇದ್ದಳು. ನನಗೂ ತಪ್ಪಾಯಿತು ಅನ್ನಲು ಬಾಯಿ ಬರಲಿಲ್ಲ.

ಮರುದಿನ ಪೂರ್ತಿ ಒಣಗಲು ಬಿಟ್ಟೆವು. ಅದರ ಮರುದಿನ ನೀರು ತುಂಬಿ ಗಾಜು ಮುಚ್ಚಿದೆವು. ನಾಲ್ಕನೆಯ ದಿನ ಬೆಳಿಗ್ಗೆ ಕೊಡದಲ್ಲಿ ಅರ್ಧದಷ್ಟು ನೀರಿತ್ತು. ಹನ್ನೊಂದು ಗಂಟೆಗೆ ಜೀಪು ಬಂತು. ಡಾಕ್ಟರು ತೊಟ್ಟಿಯ ಸುತ್ತ ಎರಡು ಸಲ ತಿರುಗಿದರು. ಬಾಗಿ, ಗಾಜಿನ ಕೆಳಗೆ ಹನಿ ಜಾರುವುದನ್ನು ಸುಮಾರು ಹೊತ್ತು ನೋಡಿದರು. ಸೂಜಿ ಕುದಿಸಲು ಹೇಳಿದರು, ಕುದಿಸಿದೆ. ಬೆಳಕಿಗೆ ಹಿಡಿದರು, ಕಣ್ಣು ಚೊಕ್ಕಟವಾಗಿತ್ತು. ನೀರು ಕೇಳಿದರು. ಕಾಶಮ್ಮ ಲೋಟ ಕೊಟ್ಟಳು. "ಸಪ್ಪಗದ," ಅಂದರು. ಅವಳು ಹೆದರದೆ ಲೋಟ ಇಸಕೊಂಡು, ಒಂದು ಚಮಚ ಬಾವಿ ನೀರು ಹಾಕಿ, "ಈಗ ಕುಡೀರಿ," ಅಂದಳು. ಅವರು ಲೋಟ ಖಾಲಿ ಮಾಡಿ ಇನ್ನೊಂದು ಕೇಳಿದರು.

ಆಮೇಲೆ ಕುರ್ಚಿಯಲ್ಲಿ ಕೂತು ಚೀಲದಿಂದ ಒಂದು ಕಾಗದ ತೆಗೆದರು. ದೂರದಿಂದಲೇ ಗುರುತು ಸಿಕ್ಕಿತು. ನನ್ನದೇ ಅರ್ಜಿ.

"ಇದು ನಿಮ್ಮ ಅಕ್ಷರ ಹೌದಲ್ಲ ಸಿಸ್ಟರ್? ಕೇಂದ್ರ ಬ್ಯಾರೆ ಕಡಿ ಒಯ್ಯರಿ ಅಂತ ನೀವೇ ಬರದೀರಿ. ಈಗ ಏನಂತೀರಿ? ಒಯ್ಯೂದೋ, ಬಿಡೂದೋ?"

ಊರೆಲ್ಲ ಅಂಗಳದಲ್ಲಿತ್ತು. ಜಗದೇವಿ ಕಂಬಕ್ಕೆ ಒರಗಿ ನನ್ನನ್ನೇ ನೋಡುತ್ತಿದ್ದಳು. ಭೂಮಿ ಬಾಯಿಬಿಟ್ಟಿದ್ದರೆ ಹೋಗಿಬಿಡುತ್ತಿದ್ದೆ. "ನಾನೇ ಬರದೀನ್ರಿ. ತಪ್ಪಾತು. ಹರದು ಹಾಕ್ರಿ," ಅಂದೆ. ಡಾಕ್ಟರು ಹರಿಯಲಿಲ್ಲ. ಕಾಗದವನ್ನು ತಿರುಗಿಸಿ, ಅದರ ಹಿಂದೆಯೇ ನಾಲ್ಕು ಸಾಲು ಗೀಚಿ ಸಹಿ ಹಾಕಿ ನನ್ನ ಕೈಗೆ ಕೊಟ್ಟರು: ನೀರಿನ ವ್ಯವಸ್ಥೆ ಆಗಿದೆ, ಕೇಂದ್ರ ಇಲ್ಲಿಯೇ ಮುಂದುವರಿಯಲಿ. ಜನ ಹೋ ಎಂದರು. ಯಾರೂ ನನ್ನನ್ನು ಏನೂ ಅನ್ನಲಿಲ್ಲ, ಅದೇ ನನಗೆ ಹೆಚ್ಚು ನೋವಾಯಿತು. ಜಗದೇವಿ ಮಾತ್ರ ಹತ್ತಿರ ಬಂದು ನನ್ನ ಕೈಯನ್ನು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಒಳಗೆ ಕೂಸು ಒದೆಯಿತು. ಒಂದೂವರೆ ತಿಂಗಳಿಗೆ ಅದೇ ಕೂಸನ್ನು, ಕಾಶಮ್ಮ ಮತ್ತು ನಾನು ಕೂಡಿ, ಆ ಕೋಣೆಯಲ್ಲೇ ಹೊರಗೆ ತಂದೆವು. ಗಟ್ಟಿ ಕೂಸು. ಅದರ ಅಳು ಓಣಿಯ ಆಚೆ ತುದಿಗೆ ಕೇಳಿಸಿತಂತೆ.

ಅವತ್ತು ಜೀಪು ಹೋಯಿತು, ಜನರೂ ಕರಗಿದರು. ಕಾಶಮ್ಮ ತೊಟ್ಟಿಯ ಪಕ್ಕ ಕೂತು ಗಾಜು ಒರೆಸುತ್ತಿದ್ದಳು. ಅವಳ ಎದುರು ಕೂತೆ.

"ಕೇಂದ್ರ ಮುಚ್ಚಸಲಿಕ್ಕಿ ಬರದಾಕಿ ನಾನು. ನಿನ್ನಿಂದ ಮುಚ್ಚತದ ಅಂತ ಬೈದಾಕಿನೂ ನಾನು," ಅಂದೆ. ಅಳು ಬಂತು.

ಅವಳು ಒರೆಸುವುದನ್ನು ನಿಲ್ಲಿಸಲಿಲ್ಲ. "ನಂಗ ಅವತ್ತೇ ಗೊತ್ತಿತ್ತು ಯವ್ವ. ನೀ ಅಳಕೋತ ಬರೀಲಿಕತ್ತಿದ್ದಿ. ನಿಮ್ಮವ್ವಗ ಬರದಿದ್ದರ ಶಿಕ್ಕಾ ಯಾಕ ಒತ್ತತಿದ್ದಿ?"

"ಗೊತ್ತಿದ್ದೂ ಡಬ್ಬಿಗಿ ಹಾಕಿದೇನು?"

"ನೀ ಹಾಕು ಅಂದಿದ್ದಿ, ಹಾಕಿದೆ." ಸೆರಗಿನ ಇನ್ನೊಂದು ತುದಿಯಿಂದ ನನ್ನ ಕಣ್ಣು ಒರೆಸಿದಳು. ಗಾಜು ಒರೆಸಿದ ಸೆರಗೇ, ಒದ್ದೆಯಾಗಿತ್ತು, ಬೆಚ್ಚಗಿತ್ತು. "ನೀ ಇಲ್ಲಿಂದ ಹೋಗಬೇಕಂತಿ ಅಂತ ಅವತ್ತಿನಿಂದ ನನ್ನ ಮನಸಿನಾಗ ಇತ್ತು. ಅದಕ್ಕೇ ಸುಣ್ಣ ಹಚ್ಚಿದೆ ಯವ್ವ. ಊರಿಂದ ತಿರುಗಿ ಬಂದಾಗ ಎಲ್ಲಾ ಬೆಳ್ಳಗ, ಚಂದ ಕಂಡರ ನಿನಗ ಇಲ್ಲೇ ಇರಬೇಕು ಅನಸ್ತದ ಅಂತ."

ಆ ಊರಿನಲ್ಲಿ ನಾನು ಹನ್ನೊಂದು ವರ್ಷ ಇದ್ದೆ. ಅಲ್ಲಿಗೆ ಹೋದಾಗಿನಿಂದ ಅವಳನ್ನು ಹೆಸರು ಹಿಡಿದೇ ಕರೆಯುತ್ತಿದ್ದೆ, ಆಯಾ ತಾನೇ ಎಂದು. ಅವತ್ತು ಮೊದಲ ಸಲ ಅಜ್ಜಿಯನ್ನು ಕರೆಯುವಂತೆ ಕರೆದೆ.

"ಆಯಿ," ಅಂದೆ, "ಏಳು, ಕೊಡ ತುಂಬ್ಯಾದ."